ಆನಂದಪುರದಲ್ಲಿ ಮೋಗ್ಲಿಂಗ್ ದಂಪತಿ

ಹರ್ಮನ್ ಮೋಗ್ಲಿಂಗ್ ಎಂದರೆ 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ ಪತ್ರಿಕೆ ನೆನಪಾಗುತ್ತದೆ. 1836ರಲ್ಲಿ ಮಂಗಳೂರಿಗೆ ಬಂದಿಳಿದ ಈ ಜರ್ಮನ್ ಪಾದ್ರಿ ಕನ್ನಡನಾಡಿನಲ್ಲಿ ಕಳೆದ ಕೊನೆಯ ಏಳು ವರ್ಷಗಳು ಮಾತ್ರ ಕೊಡಗಿನವು. ಆ ವರ್ಷಗಳ ಕಥೆ ಪತ್ನಿ ಪೌಲಿನೆಯ ಕಥೆಯೂ ಹೌದು.

ಮೋಗ್ಲಿಂಗರನ್ನು ಕಳಿಸಿದ್ದ ಬಾಸೆಲ್ ಮಿಷನ್ ಧಾರವಾಡ, ಹುಬ್ಬಳ್ಳಿಗಳ ನಂತರ 1841ರ ಹೊತ್ತಿಗೆ ಗದಗಿನ ಬೆಟಗೇರಿಯವರೆಗೂ ಹಬ್ಬಿತ್ತು. ಕೊಡಗಿನಲ್ಲಿ ಅದಕ್ಕೆ ನೆಲೆಯಿರಲಿಲ್ಲ. ಅಲ್ಮಂಡ ಮನೆತನದ ಸೋಮಯ್ಯ ಕ್ರೈಸ್ತನಾದ ಮೇಲೆ, 1853ರಲ್ಲಿ ಮೋಗ್ಲಿಂಗ್ ಅವನೊಡನೆ ಕೊಡಗಿನ ಹಳ್ಳಿಗೆ ಹೋಗಿ ನೆಲೆಸಿದರು.

ಗಾಟ್‌ಫ್ರೀಡ್ ವೈಗ್ಲೆ ಮೋಗ್ಲಿಂಗರ ಸೋದರಸಂಬಂಧಿ. ಕನ್ನಡ ಬೈಬಲ್ಲಿನ ಅನುವಾದಕ್ಕೆ ದುಡಿದವರು. 1855ರಲ್ಲಿ ಅವರು ತೀರಿಕೊಂಡಾಗ ಪತ್ನಿ ಪೌಲಿನೆ ಮಕ್ಕಳೊಡನೆ ಪರದೇಶದಲ್ಲಿ ಉಳಿದರು. ಮುಂದೆ ಮೋಗ್ಲಿಂಗ್ ಅವರನ್ನು ಮದುವೆಯಾದರು. ಮೋಗ್ಲಿಂಗರಿಗೆ ಆಗ ನಡುವಯಸ್ಸು. ಇಬ್ಬರಿಗೂ ಅದು ಹೊಸದಾಗಿ ಹೂಡಿದ ಸಂಸಾರ.

ಕೊಡಗಿನ ಹೊಲೆಯರಲ್ಲಿ ಬಹಳಷ್ಟು ಮಂದಿ ಜಮೀನಿಗೆ ಕಟ್ಟುಬಿದ್ದ ಆಳುಗಳು; ಭೂಮಿಯ ಜೊತೆಗೇ ಕೈಬದಲಾಗುತ್ತಿದ್ದವರು. ಅವರಿಗಾಗಿ ಮೋಗ್ಲಿಂಗ್ ಅಮ್ಮತ್ತಿ, ಸಿದ್ದಾಪುರಗಳ ಸೀಮೆಯಲ್ಲಿ ಆನಂದಪುರ ಎಂಬ ಊರನ್ನು ಕಟ್ಟಿದರು. ಪತ್ರಿಕೆಗಿಂತ ಇದೇ ಅವರ ದೊಡ್ಡ ಕೆಲಸ ಎನ್ನಬೇಕು. ಜೀವನೋಪಾಯಕ್ಕೆ ಕಾಫಿ ತೋಟ. ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ತೋಟ ಶುರುವಾಗಿದ್ದೇ 1854ರಲ್ಲಿ. ಬೆಳೆಯ ಅನುಭವ ಯಾರಿಗೂ ಹೆಚ್ಚಿರಲಿಲ್ಲ. ಬಿದಿರು ಮೆಳೆ ಕಡಿದು, ನೆರಳಿಗೆ ಬೇಕಾದ ಮರ ಉಳಿಸಿ, ಗುಂಡಿ ತೋಡಿ ಸಸಿ ನೆಡಬೇಕು. ಫಸಲು ಕೈಗೆ ಬರಲು ಮೂರು ನಾಲ್ಕು ವರ್ಷ; ಅಲ್ಲಿಯವರೆಗೆ ಬರೀ ಖರ್ಚು. ಆ ಬಿದಿರುಕಾಡಿನ ಸೀಮೆ ಚಳಿಜ್ವರಕ್ಕೂ ಹೆಸರಾಗಿತ್ತು. ಬೇಸಿಗೆ ಏರಿದಾಗ ಜ್ವರ ಏಳುತ್ತಿತ್ತು, ಮುಂಗಾರು ಹಿಡಿದ ಮೇಲೆ ಇಳಿಯುತ್ತಿತ್ತು.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಮೋಗ್ಲಿಂಗರಿಗೆ ಗೌರವ ಡಾಕ್ಟರೇಟ್ ನೀಡಿತು. ಹಳೆಯ ಕನ್ನಡ ಕೃತಿಗಳನ್ನು ಮುದ್ರಿಸಿದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಗೆ ಸಂದ ಮನ್ನಣೆ ಅದು. ಅದು ಬರುವಾಗ ಅವರ ಬದುಕೆಲ್ಲ ತೋಟ, ಕೇರಿಗಳ ನಡುವೆ ಇತ್ತು. ಅಷ್ಟರಲ್ಲಿ ಪೌಲಿನೆಯ ಆರೋಗ್ಯ ಕೆಟ್ಟಿತು. 1860ರಲ್ಲಿ ಕುಟುಂಬ ಜರ್ಮನಿಗೆ ಹೊರಟಿತು. ಮೋಗ್ಲಿಂಗರ ಚರಿತ್ರೆ ಬರೆಯುವವರು ಈ ಕಾಯಿಲೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದುಂಟು, ಅದು ನ್ಯಾಯವಲ್ಲ. ಗಂಡನನ್ನು ಕಳೆದುಕೊಂಡ ನಾಡಿನಲ್ಲೇ ಮತ್ತೊಮ್ಮೆ ಮನೆ ಹೂಡಿದ ಹೆಣ್ಣುಮಗಳು ಆಕೆ.

ಮೋಗ್ಲಿಂಗ್ ಮರಳಿ ಬರಲಿಲ್ಲ. ದಾಸರ ಪದಗಳನ್ನೂ ಜೈಮಿನಿ ಭಾರತದ ಭಾಗಗಳನ್ನೂ ಜರ್ಮನ್‌ಗೆ ಅನುವಾದಿಸಿ, 1881ರಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಆನಂದಪುರದ ಕ್ರೈಸ್ತ ಸಭೆ ಬಾಸೆಲ್ ಮಿಷನ್ನಿನ ಆಶ್ರಯದಲ್ಲಿ ಮುಂದುವರಿಯಿತು.