ಶಾಂತಿಯೂ ಒಂದು ವಿದ್ಯೆ: ಬ್ರಾಡ್‌ಫರ್ಡ್ ನಗರದ ಪಾಠ

ಹಿಜರಿ 6ನೇ ವರ್ಷ. ಉಮ್ರಾಕ್ಕೆಂದು ಸುಮಾರು 1400 ಸಹಾಬಿಗಳೊಂದಿಗೆ ಹೊರಟಿದ್ದ ಪ್ರವಾದಿ ಮುಹಮ್ಮದ್(ಸ)ರನ್ನು ಕುರೈಶರು ಹುದೈಬಿಯಾದಿಂದ ಮುಂದಕ್ಕೆ ಬಿಡಲಿಲ್ಲ. ಅಲ್ಲಿ ಆದ ಒಪ್ಪಂದದ ಶರತ್ತುಗಳು ಕಹಿಯಾಗಿದ್ದವು. ಆ ವರ್ಷ ಉಮ್ರಾ ಮಾಡದೆ ಮರಳಬೇಕು. ಮಕ್ಕಾದಿಂದ ಮದೀನಕ್ಕೆ ಓಡಿ ಬಂದವರನ್ನು ಹಿಂದಕ್ಕೆ ಕಳುಹಿಸಬೇಕು. ಒಪ್ಪಂದ ಪತ್ರದಲ್ಲಿ 'ಅಲ್ಲಾಹನ ರಸೂಲ್' ಎಂದು ಬರೆಯುವುದಕ್ಕೂ ಕುರೈಶರ ಪ್ರತಿನಿಧಿ ಸುಹೈಲ್ ಬಿನ್ ಅಮ್ರ್ ಆಕ್ಷೇಪಿಸಿದರು. ಉಮರ್(ರ)ರಂಥವರಿಗೂ ಅದು ಸಹಿಸಲಾಗದ ಸಂಕಟವಾಗಿತ್ತು. ಆದರೂ ಪ್ರವಾದಿ(ಸ)ರು ಒಪ್ಪಿದರು. ಹತ್ತು ವರ್ಷಗಳ ಕದನವಿರಾಮ ದೊರೆಯಿತು. ಅದನ್ನೇ ಅಲ್ಲಾಹನು ಸ್ಪಷ್ಟ ವಿಜಯವೆಂದು ಕರೆದನು.

ಈ ಘಟನೆಯನ್ನು ಜುಮಾ ಖುತ್ಬಾಗಳಲ್ಲಿ ನಾವು ಎಷ್ಟೋ ಬಾರಿ ಕೇಳಿದ್ದೇವೆ. ಆದರೆ ಸಂಧಾನವೆಂಬುದು ಕುಳಿತು ಕಲಿಯಬೇಕಾದ ವಿದ್ಯೆ ಎಂದು ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೇವೆ? ಎರಡನೇ ಮಹಾಯುದ್ಧದ ಬಳಿಕ ಪಾಶ್ಚಾತ್ಯ ವಿದ್ವಾಂಸರು ಹೀಗೆ ಯೋಚಿಸತೊಡಗಿದರು. ಯುದ್ಧ ಕಲಿಸಲು ಸೇನಾ ಕಾಲೇಜುಗಳಿರುವಾಗ ಶಾಂತಿ ಕಲಿಸಲು ಏಕೆ ವಿಭಾಗವಿರಬಾರದು ಎಂಬುದು ಅವರ ಪ್ರಶ್ನೆಯಾಗಿತ್ತು. 1959ರಲ್ಲಿ ನಾರ್ವೆಯ ಯೋಹಾನ್ ಗಾಲ್ಟುಂಗ್ ಓಸ್ಲೋ ನಗರದಲ್ಲಿ ಶಾಂತಿ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಸೇನಾ ಸೇವೆಯನ್ನು ನಿರಾಕರಿಸಿ ಜೈಲಿಗೆ ಹೋಗಿ ಬಂದವರು ಅವರು. ಗಾಂಧೀಜಿಯವರ ಚಿಂತನೆಯನ್ನು ಆಳವಾಗಿ ಓದಿದ್ದರು. ಗುಂಡಿನ ಸದ್ದು ನಿಂತ ಮಾತ್ರಕ್ಕೆ ಶಾಂತಿ ಪೂರ್ಣವಾಗುವುದಿಲ್ಲ, ಬಡತನ ಮತ್ತು ಅಸಮಾನತೆಗಳೂ ಜನರನ್ನು ಕೊಲ್ಲುತ್ತವೆ, ಆದ್ದರಿಂದ ಅವೂ ಹಿಂಸೆಯೇ ಎಂಬುದು ಅವರ ವಾದವಾಗಿತ್ತು.

ನಮಗೆ ಇದು ಅಪರಿಚಿತ ಮಾತಲ್ಲ. ಸತ್ಯವಿಶ್ವಾಸಿಗಳ ಎರಡು ಗುಂಪುಗಳು ಕಾದಾಡಿದರೆ ಸಂಧಾನ ಮಾಡಿಸಿರಿ ಎಂದು ಸೂರಃ ಅಲ್ ಹುಜುರಾತ್ ಆದೇಶಿಸುವಾಗ, ಆ ಸಂಧಾನ ನ್ಯಾಯದೊಂದಿಗೆ ಇರಬೇಕೆಂದೂ ಹೇಳುತ್ತದೆ. ನ್ಯಾಯವಿಲ್ಲದ ಮೌನವನ್ನು ಕುರ್‌ಆನ್ ಸುಲ್ಹ್ ಎಂದು ಪರಿಗಣಿಸುವುದಿಲ್ಲ.

1973ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಶಾಂತಿ ಅಧ್ಯಯನ ಪೀಠ ಆರಂಭವಾಯಿತು. ಯುದ್ಧವನ್ನು ವಿರೋಧಿಸುವ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು ಅದಕ್ಕಾಗಿ ಹಣ ಸಂಗ್ರಹಿಸಿಕೊಟ್ಟರು. ಮೊದಲ ಪ್ರಾಧ್ಯಾಪಕ ಆ್ಯಡಮ್ ಕರ್ಲ್ 1965ರ ಭಾರತ-ಪಾಕಿಸ್ತಾನ ಯುದ್ಧದ ಬಳಿಕವೂ, ನೈಜೀರಿಯದ ಅಂತರ್ಯುದ್ಧದ ಕಾಲದಲ್ಲೂ ಸದ್ದಿಲ್ಲದೆ ಸಂಧಾನಕ್ಕಾಗಿ ಓಡಾಡಿದವರು. ಮುಂದೆ ಆ ವಿಭಾಗ ಜಗತ್ತಿನ ದೊಡ್ಡ ಶಾಂತಿ ಅಧ್ಯಯನ ಕೇಂದ್ರಗಳಲ್ಲಿ ಒಂದಾಗಿ ಬೆಳೆಯಿತು.

ಅದೇ ಬ್ರಾಡ್‌ಫರ್ಡ್ ನಮ್ಮ ಸಮುದಾಯದ ನಗರವೂ ಹೌದು. ಅಲ್ಲಿನ ಉಣ್ಣೆ ಗಿರಣಿಗಳಲ್ಲಿ ರಾತ್ರಿ ಪಾಳಿ ದುಡಿಯಲು ಮೀರ್‌ಪುರದಿಂದ ಸಾವಿರಾರು ಮುಸ್ಲಿಮರು ಹೋಗಿದ್ದರು. 1960ರ ದಶಕದಲ್ಲಿ ಮಂಗ್ಲಾ ಅಣೆಕಟ್ಟಿನಿಂದ ಮನೆ, ಹೊಲ ಕಳಕೊಂಡವರೂ ಅವರಲ್ಲಿದ್ದರು. ಮುಂದೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ತಂದೆಯಂದಿರು ಕೆಲಸ ಕಳಕೊಂಡರು, ಮಕ್ಕಳಿಗೆ ಕೆಲಸವೇ ಸಿಗಲಿಲ್ಲ. ಬಿಳಿಯರ ಬೀದಿ, ಶಾಲೆಗಳು ಒಂದು ಕಡೆ, ಮುಸ್ಲಿಮರದ್ದು ಇನ್ನೊಂದು ಕಡೆ ಎಂಬಂತಾಯಿತು.

2001ರ ಜುಲೈ 7ರಂದು, ಜನಾಂಗ ದ್ವೇಷಿ ಗುಂಪುಗಳು ನಗರಕ್ಕೆ ಬರುತ್ತವೆಂಬ ಆತಂಕದ ನಡುವೆ ಗಲಭೆ ಸಿಡಿಯಿತು. 300ಕ್ಕೂ ಹೆಚ್ಚು ಪೊಲೀಸರು ಗಾಯಗೊಂಡರು. ಅಂಗಡಿ, ವಾಹನಗಳು ಸುಟ್ಟುಹೋದವು. ಪೊಲೀಸರು ಶಂಕಿತರ ಭಾವಚಿತ್ರಗಳನ್ನು ಪ್ರಕಟಿಸಿದಾಗ ಕೆಲವು ಕುಟುಂಬಗಳು ತಮ್ಮ ಮಕ್ಕಳನ್ನು ತಾವೇ ಠಾಣೆಗೆ ಕರೆದೊಯ್ದವು. ಕಲ್ಲು ತೂರಿದ ಅನೇಕ ಯುವಕರಿಗೆ ನಾಲ್ಕೈದು ವರ್ಷಗಳ ಜೈಲು ಶಿಕ್ಷೆಯಾಯಿತು. ಗಲಭೆಗೆ ಮೊದಲೇ ಸಿದ್ಧವಾಗಿದ್ದ ಹರ್ಮನ್ ಊಸ್ಲಿಯವರ ವರದಿ, ನಗರದ ಸಮುದಾಯಗಳು ಪರಸ್ಪರ ದೂರವಾಗುತ್ತಿವೆ ಎಂದು ಎಚ್ಚರಿಸಿತ್ತು. ಅದು ಜನರ ಕೈ ಸೇರಿದ್ದು ಬೆಂಕಿ ಆರಿದ ಮೇಲೆ.

ಶಾಂತಿ ಕಲಿಸುವ ವಿಶ್ವವಿದ್ಯಾನಿಲಯ ಇದ್ದ ಊರಿನಲ್ಲೇ ಹೀಗಾಯಿತಲ್ಲ, ಹಾಗಾದರೆ ಆ ವಿದ್ಯೆಯಿಂದ ಏನು ಪ್ರಯೋಜನ ಎಂದು ಕೇಳಬಹುದು. ವೈದ್ಯಕೀಯ ಕಾಲೇಜಿರುವ ಊರಿನಲ್ಲೂ ಜನ ಕಾಯಿಲೆ ಬೀಳುತ್ತಾರೆ. ಅದಕ್ಕಾಗಿ ಯಾರೂ ಕಾಲೇಜು ಮುಚ್ಚುವುದಿಲ್ಲ, ವೈದ್ಯರು ಬೀದಿಗೆ ಬರಲಿ ಎನ್ನುತ್ತಾರೆ. ತರಗತಿಯ ವಿದ್ಯೆ ಮಸೀದಿಗೂ ಮೊಹಲ್ಲಾಕ್ಕೂ ನೆರೆಮನೆಗೂ ತಲುಪಬೇಕು. ಗಾಯ ಎಲ್ಲಿದೆ ಎಂದು ತಿಳಿದಿರುವವರು ನಾವೇ ಆದುದರಿಂದ, ಆ ವಿದ್ಯೆಯನ್ನು ತರಲು ನಮ್ಮ ಮಕ್ಕಳೂ ಅಲ್ಲಿಗೆ ಹೋಗಬೇಕು.

ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಲ್ಲಿ 2004ರಿಂದ ನೆಲ್ಸನ್ ಮಂಡೇಲಾ ಹೆಸರಿನ ಶಾಂತಿ ಮತ್ತು ಸಂಘರ್ಷ ಪರಿಹಾರ ಕೇಂದ್ರವಿದೆ. ಎಂಜಿನಿಯರಿಂಗ್, ವೈದ್ಯಕೀಯ ಎಂದು ಮಕ್ಕಳನ್ನು ಹುರಿದುಂಬಿಸುವ ನಮ್ಮ ಜಮಾಅತ್‌ಗಳು ವರ್ಷಕ್ಕೊಬ್ಬ ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿಗೆ ಇಂಥ ಕೋರ್ಸ್ ಓದಲು ವಿದ್ಯಾರ್ಥಿವೇತನ ಕೊಡಲಿ. ಆಸ್ತಿ ಜಗಳ, ತಲಾಕ್ ತಕರಾರು, ಎರಡು ಬೀದಿಗಳ ಮುನಿಸು ನಮ್ಮಲ್ಲಿಗೂ ಬರುತ್ತಲೇ ಇರುತ್ತವೆ. ಅವು ಠಾಣೆಯ ಮೆಟ್ಟಿಲೇರುವ ಮುನ್ನ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಲು ಬಲ್ಲವರು ಪ್ರತಿ ಊರಿಗೂ ಬೇಕು. ಅಲ್ಲಾಹನು ನಮ್ಮನ್ನು ನ್ಯಾಯದೊಂದಿಗೆ ಸಂಧಾನ ಮಾಡಿಸುವವರಲ್ಲಿ ಸೇರಿಸಲಿ. ಆಮೀನ್.