ಕಿಟಕಿ ಗಾಜು ಅದುರಿಸುವ ಸದ್ದು

ಗಣೇಶನ ಮೆರವಣಿಗೆ ವಿದ್ಯಾರಣ್ಯಪುರಂನಂಥ ಬಡಾವಣೆಯ ಬೀದಿಗೆ ಬಂದಾಗ ಹಾಡು ಯಾವುದೆಂದು ತಿಳಿಯುವ ಮೊದಲೇ ಮನೆಗಳ ಕಿಟಕಿ ಗಾಜು ಅದುರತೊಡಗುತ್ತದೆ. ಕಾರಣ ‘ಸಬ್‌ವೂಫರ್’ ಎಂಬ ದೈತ್ಯ ಪೆಟ್ಟಿಗೆ.

ಇಂದಿನ ಧ್ವನಿವರ್ಧಕದ ಮೂಲರೂಪವನ್ನು 1925ರಲ್ಲಿ ಪ್ರಕಟಿಸಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಅದಕ್ಕೆ ಅಂಟಿದ ಕಾಗದದ ಶಂಕು, ಇಷ್ಟೇ. ಹತ್ತು ವರ್ಷದ ನಂತರ, 1935ರಲ್ಲಿ, ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಆರಂಭಿಸಿದರು. ಅಂದಿನ ಕೇಳುಗನಿಗೆ ಮಾತು, ಸಂಗೀತ ಸ್ಪಷ್ಟವಾಗಿ ಕೇಳಿಸಿದರೆ ಸಾಕಿತ್ತು. ಸದ್ದು ಎದೆಗೆ ತಟ್ಟಬೇಕೆಂಬ ಆಸೆ ಬೆಳೆದದ್ದು ಆಮೇಲೆ. 1974ರ ‘ಅರ್ಥ್‌ಕ್ವೇಕ್’ ಚಿತ್ರಕ್ಕಾಗಿ ಅಮೆರಿಕದ ಚಿತ್ರಮಂದಿರಗಳಲ್ಲಿ ಬೃಹತ್ ಸ್ಪೀಕರುಗಳನ್ನು ಇರಿಸಿ ಭೂಕಂಪದ ಅನುಭವ ಮಾರಲಾಯಿತು!

ಶಂಕು ಒಂದು ಬಗೆಯ ಗಾಳಿ ಪಂಪು. ಅದರ ವಿಸ್ತೀರ್ಣವನ್ನು ಅದು ಹಿಂದೆ ಮುಂದೆ ಚಲಿಸುವ ದೂರದಿಂದ ಗುಣಿಸಿದರೆ ತಳ್ಳಿದ ಗಾಳಿಯ ಲೆಕ್ಕ ಸಿಗುತ್ತದೆ. 12 ಇಂಚಿನದಕ್ಕಿಂತ 18 ಇಂಚಿನ ಶಂಕಿನ ವ್ಯಾಸ ಒಂದೂವರೆ ಪಟ್ಟು. ವಿಸ್ತೀರ್ಣ ಮಾತ್ರ 2.25 ಪಟ್ಟು. ಚಿಕ್ಕದು ದೊಡ್ಡದಕ್ಕೆ ಸಮನಾಗಬೇಕಾದರೆ ಅಷ್ಟೇ ಪಟ್ಟು ಹೆಚ್ಚು ದೂರ ಚಲಿಸಬೇಕು. ಸ್ವರ ಕೆಳಗಿಳಿದಂತೆ ಕಷ್ಟ ಇನ್ನೂ ಹೆಚ್ಚು. 80 ಹರ್ಟ್ಸ್‌ಗೆ ಒಂದು ಮಿಲಿಮೀಟರ್ ಸಾಕಾದರೆ, ಅದೇ ಮಟ್ಟದ ಸದ್ದಿಗೆ 40 ಹರ್ಟ್ಸ್‌ನಲ್ಲಿ ನಾಲ್ಕು, 20ರಲ್ಲಿ ಹದಿನಾರು ಮಿಲಿಮೀಟರ್ ಬೇಕು. ಸುರುಳಿ ಅಯಸ್ಕಾಂತದ ಹಿಡಿತ ದಾಟಿದರೆ ಸದ್ದು ಒಡೆಯುತ್ತದೆ. ಚಲನೆ ಇಮ್ಮಡಿಯಾದರೆ ಸಿಗುವುದು 6 ಡೆಸಿಬೆಲ್. ಅದಕ್ಕೆ ತೆರಬೇಕಾದ ವಿದ್ಯುತ್ ನಾಲ್ಕು ಪಟ್ಟು. ಸಣ್ಣ ಸ್ಪೀಕರಿಗೆ ಭಾರಿ ಆಂಪ್ಲಿಫೈಯರ್ ಜೋಡಿಸುವ ಉತ್ಸಾಹಿಗಳಿಗೆ ಸುರುಳಿ ಸುಟ್ಟ ವಾಸನೆಯೇ ಪಾಠ.

ಈ ಲೆಕ್ಕ ಬೀದಿಯಲ್ಲಿ ನಿಲ್ಲುವುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಕೆ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆದರೆ ಈ ಮಿತಿಯನ್ನು ಅಳೆಯುವುದು ‘ಎ’ ತೂಕದ ಮಾಪನದಲ್ಲಿ. ಮನುಷ್ಯನ ಕಿವಿಯಂತೆ ಅದೂ ಮಂದ್ರವನ್ನು ಕಡೆಗಣಿಸುತ್ತದೆ: 50 ಹರ್ಟ್ಸ್‌ನ ಸದ್ದನ್ನು ಸುಮಾರು 30 ಡೆಸಿಬೆಲ್ ಕಡಿಮೆ ತೋರಿಸುತ್ತದೆ. ಗೋಡೆ ತಡೆಯುವುದೂ ಮುಖ್ಯವಾಗಿ ತಾರಸ್ವರವನ್ನು. ಮಂದ್ರ ಸಲೀಸಾಗಿ ಒಳಗೆ ನುಗ್ಗುತ್ತದೆ. ಹೀಗಾಗಿ ಮಾಪಕ ಹಿಡಿದು ಬಂದ ಅಧಿಕಾರಿಗೆ ಕಾಣುವ ಅಂಕಿಗೂ ಒಳಕೋಣೆಯಲ್ಲಿ ಮಲಗಿದ ವೃದ್ಧರು ಅನುಭವಿಸುವ ಅದುರಿಗೂ ತಾಳೆಯಾಗುವುದಿಲ್ಲ. ಮಂದ್ರವನ್ನು ಅಷ್ಟಾಗಿ ಕಡೆಗಣಿಸದ ‘ಸಿ’ ತೂಕದ ಮಾಪನವೂ ಉಂಟು; ನಮ್ಮ ನಿಯಮ ಮಾತ್ರ ‘ಎ’ಯನ್ನೇ ನೆಚ್ಚಿಕೊಂಡಿದೆ.