ಗೌಟ್ ಮತ್ತು ಧಾನ್ಯರಹಿತ ಮಾಂಸಾಹಾರ ಪದ್ಧತಿ

ಧಾನ್ಯರಹಿತ ಮಾಂಸಾಹಾರ ಪದ್ಧತಿ ಎಂದರೆ ಅಕ್ಕಿ, ಜೋಳ, ಗೋಧಿ, ರಾಗಿ ಮುಂತಾದ ಧಾನ್ಯಗಳನ್ನು ಸಂಪೂರ್ಣವಾಗಿ ಬಿಟ್ಟು ಮಾಂಸ, ಮೀನು, ಮೊಟ್ಟೆ ಹಾಗೂ ಪ್ರಾಣಿಜನ್ಯ ಕೊಬ್ಬನ್ನು ಮುಖ್ಯ ಆಹಾರವಾಗಿ ಸೇವಿಸುವ ಕ್ರಮ. ಗೌಟ್ ಎಂಬುದು ರಕ್ತದಲ್ಲಿ ಯೂರಿಕ್ ಆಮ್ಲದ ಪ್ರಮಾಣ ದೀರ್ಘಕಾಲ ಹೆಚ್ಚಾಗಿದ್ದು, ಕೀಲುಗಳಲ್ಲಿ ಮೋನೋಸೋಡಿಯಂ ಯೂರೇಟ್ ಹರಳುಗಳು ಶೇಖರಗೊಳ್ಳುವುದರಿಂದ ಉಂಟಾಗುವ ಉರಿಯೂತದ ಕಾಯಿಲೆ. ತೂಕ ಇಳಿಸಲು ಅಥವಾ ಮಧುಮೇಹವನ್ನು ಹತೋಟಿಗೆ ತರಲು ಮೊದಲನೆಯದನ್ನು ಆರಿಸಿಕೊಳ್ಳುವವರಲ್ಲಿ ಕೆಲವರಿಗೆ ಎರಡನೆಯದು ಈಗಾಗಲೇ ಇರುತ್ತದೆ. ಇವೆರಡೂ ಒಂದೇ ದೇಹದಲ್ಲಿ ಸೇರಿದಾಗ ಏನಾಗುತ್ತದೆ ಎಂಬುದನ್ನು ಈ ಲೇಖನವು ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ಆಹಾರ ಪರಿಸರವನ್ನು ಮುಂದಿಟ್ಟುಕೊಂಡು ವಿವರಿಸುತ್ತದೆ.

ಕಾಯಿಲೆಯ ಸ್ವರೂಪ

ಪ್ಯೂರಿನ್ ಎಂಬ ಸಂಯುಕ್ತಗಳು ಪ್ರತಿಯೊಂದು ಜೀವಕೋಶದಲ್ಲಿಯೂ ಇರುತ್ತವೆ. ಅವು ವಿಘಟನೆಗೊಂಡಾಗ ಕೊನೆಗೆ ಉಳಿಯುವುದು ಯೂರಿಕ್ ಆಮ್ಲ. ಬಹುತೇಕ ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಕಿಣ್ವವು ಇದನ್ನು ಮತ್ತೂ ಒಡೆದು ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುವನ್ನಾಗಿ ಮಾಡುತ್ತದೆ. ಮನುಷ್ಯನ ಪೂರ್ವಜರು ಕೋಟ್ಯಂತರ ವರ್ಷಗಳ ಹಿಂದೆಯೇ ಆ ಕಿಣ್ವವನ್ನು ಕಳೆದುಕೊಂಡರು. ಆದುದರಿಂದ ಗೌಟ್ ಬಹುಮಟ್ಟಿಗೆ ಮನುಷ್ಯನಿಗೇ ಮೀಸಲಾದ ಕಾಯಿಲೆ.

ದೇಹದಲ್ಲಿರುವ ಯೂರಿಕ್ ಆಮ್ಲದ ಸುಮಾರು ಮೂರನೆಯ ಎರಡು ಭಾಗ ದೇಹದೊಳಗೇ ಉತ್ಪತ್ತಿಯಾಗುತ್ತದೆ; ಆಹಾರದಿಂದ ಬರುವುದು ಉಳಿದ ಮೂರನೆಯ ಒಂದು ಭಾಗ ಮಾತ್ರ. ಹೊರಹೋಗುವಾಗಲೂ ಸುಮಾರು ಮೂರನೆಯ ಎರಡು ಭಾಗ ಮೂತ್ರಪಿಂಡಗಳ ಮೂಲಕ, ಉಳಿದದ್ದು ಕರುಳಿನ ಮೂಲಕ ಹೋಗುತ್ತದೆ. ಹೆಚ್ಚಿನ ರೋಗಿಗಳಲ್ಲಿ ದೋಷವಿರುವುದು ಉತ್ಪಾದನೆಯಲ್ಲಲ್ಲ, ವಿಸರ್ಜನೆಯಲ್ಲಿ. ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಮಾಂಸವನ್ನು ಮುಟ್ಟದ ಮನೆತನಗಳಲ್ಲಿಯೂ ಗೌಟ್ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ. ಅಂತಹವರನ್ನು ‘ಕದ್ದು ತಿಂದಿರಬೇಕು’ ಎಂದು ಹಾಸ್ಯ ಮಾಡುವುದು ಅನ್ಯಾಯ.

ರಕ್ತದಲ್ಲಿ ಯೂರೇಟ್ ಪ್ರಮಾಣವು ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದರೆ ಅದು ಕರಗಿ ಉಳಿಯಲಾರದೆ ಹರಳುಗಟ್ಟತೊಡಗುತ್ತದೆ. ದೇಹದ ತಂಪಾದ ತುದಿಗಳಲ್ಲಿ, ವಿಶೇಷವಾಗಿ ಕಾಲಿನ ಹೆಬ್ಬೆರಳಿನ ಬುಡದಲ್ಲಿ, ಹರಳುಗಳು ಮೊದಲು ಸೇರುತ್ತವೆ. ರೋಗನಿರೋಧಕ ಕಣಗಳು ಅವುಗಳ ಮೇಲೆರಗಿದಾಗ ನಡುರಾತ್ರಿಯಲ್ಲಿ, ಹೊದಿಕೆಯ ಅಂಚು ತಗುಲಿದರೂ ತಾಳಲಾಗದಂತಹ ನೋವು ಹುಟ್ಟುತ್ತದೆ. ಚಿಕಿತ್ಸೆಯಿಲ್ಲದಿದ್ದರೂ ಒಂದೆರಡು ವಾರಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಯಾವ ಕಷಾಯ ಕುಡಿದವನಿಗೂ, ಯಾವ ಪಥ್ಯ ಹಿಡಿದವನಿಗೂ ‘ಇದರಿಂದಲೇ ಗುಣವಾಯಿತು’ ಎಂದು ಅನ್ನಿಸಲು ಈ ಸ್ವಭಾವವೊಂದೇ ಸಾಕು.

ಇತಿಹಾಸ

ಆಯುರ್ವೇದದಲ್ಲಿ ಗೌಟ್‌ಗೆ ಸಮೀಪವಾದ ವ್ಯಾಧಿಯನ್ನು ವಾತರಕ್ತ ಎಂದು ಕರೆಯಲಾಗಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 29ನೆಯ ಅಧ್ಯಾಯವು ಇದಕ್ಕೇ ಮೀಸಲಾಗಿದೆ. ಇದರ ಇನ್ನೊಂದು ಹೆಸರು ಆಢ್ಯವಾತ, ಅಂದರೆ ಸಿರಿವಂತರ ವಾತ. ಕಾರಣಗಳ ಪಟ್ಟಿಯಲ್ಲಿ ಜಲಚರಗಳ ಮತ್ತು ಜೌಗು ಪ್ರದೇಶದ ಪ್ರಾಣಿಗಳ ಮಾಂಸ, ಒಣಗಿಸಿದ ಮಾಂಸ, ಹುರುಳಿ, ಉದ್ದು, ಕಬ್ಬು, ಮದ್ಯ ಇವೆಲ್ಲ ಸೇರಿವೆ. ಹುರುಳಿ ಮತ್ತು ಉದ್ದಿನ ವಿಷಯದಲ್ಲಿ ಆಧುನಿಕ ಅಧ್ಯಯನಗಳು ಈ ಪಟ್ಟಿಯನ್ನು ಒಪ್ಪುವುದಿಲ್ಲ. ಮೀನು, ಮದ್ಯ ಮತ್ತು ಕಬ್ಬಿನ ವಿಷಯದಲ್ಲಿ ಹೋಲಿಕೆ ಗಮನಾರ್ಹವಾಗಿದೆ.

ಯುರೋಪಿನಲ್ಲಿ ಕಾರ್ಲ್ ಷೀಲೆ 1776ರಲ್ಲಿ ಮೂತ್ರಕೋಶದ ಕಲ್ಲಿನಿಂದ ಯೂರಿಕ್ ಆಮ್ಲವನ್ನು ಬೇರ್ಪಡಿಸಿದನು. ಆಲ್ಫ್ರೆಡ್ ಗ್ಯಾರಡ್ 1848ರಲ್ಲಿ ಗೌಟ್ ರೋಗಿಗಳ ರಕ್ತದಲ್ಲಿ ಅದು ಹೆಚ್ಚಾಗಿರುವುದನ್ನು ತೋರಿಸಿದನು. ಮೆಕಾರ್ಟಿ ಮತ್ತು ಹಾಲಂಡರ್ 1961ರಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಕೀಲುದ್ರವದಲ್ಲಿನ ಹರಳುಗಳನ್ನು ಗುರುತಿಸಿದರು. ಅಲೋಪ್ಯೂರಿನಾಲ್ ಔಷಧಿಯನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರು 1988ರ ನೊಬೆಲ್ ಪ್ರಶಸ್ತಿಯ ಸಹಭಾಗಿಗಳು.

ಧಾನ್ಯವನ್ನು ಬಿಡಬೇಕೆಂಬ ವಾದಕ್ಕೆ ಇಷ್ಟು ಉದ್ದದ ಇತಿಹಾಸವಿಲ್ಲ. ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ 1985ರಲ್ಲಿ ಪ್ರಕಟಿಸಿದ ಶಿಲಾಯುಗದ ಆಹಾರ ಕುರಿತ ಪ್ರಬಂಧ ಹಾಗೂ ಲೊರೆನ್ ಕಾರ್ಡೇನ್ ಅವರ 2002ರ ಪುಸ್ತಕದಿಂದ ‘ಪ್ಯಾಲಿಯೊ’ ಎಂಬ ಹೆಸರು ಪ್ರಚಾರಕ್ಕೆ ಬಂದಿತು. ಕೀಟೋ ಹಾಗೂ ಕೇವಲ ಮಾಂಸವನ್ನೇ ತಿನ್ನುವ ಕ್ರಮಗಳು ಇದರ ದಾಯಾದಿಗಳು. ಧಾನ್ಯ ಬಿಡುವುದು ಈ ಭಾಗಕ್ಕೆ ಹೊಸತೇನಲ್ಲ. ಏಕಾದಶಿಯ ದಿನ ಅನ್ನ, ರೊಟ್ಟಿ ಮುಟ್ಟದವರು ಬಹಳ ಮಂದಿ ಇದ್ದಾರೆ. ಆದರೆ ಆ ದಿನದ ಸಾಬುದಾನಿ ಖಿಚಡಿ ಧಾನ್ಯರಹಿತವಾದರೂ ಪಿಷ್ಟಮಯವೇ.

ಪ್ರಾದೇಶಿಕ ಆಹಾರ ಪರಿಸರ

ಬೆಳಗಾವಿಯಿಂದ ಸುಮಾರು 26 ಕಿ.ಮೀ. ದೂರದಲ್ಲಿರುವ ಖಾನಾಪುರವು ಪಶ್ಚಿಮ ಘಟ್ಟಗಳ ಅಂಚಿನ ತಾಲ್ಲೂಕು. ಮಲಪ್ರಭಾ ನದಿ ಹುಟ್ಟುವ ಕಣಕುಂಬಿ, ರೈಲ್ವೆ ಜಂಕ್ಷನ್ ಆದ ಲೋಂಡಾ, ಭೀಮಗಡ ವನ್ಯಜೀವಿ ಧಾಮ ಇವೆಲ್ಲ ಈ ತಾಲ್ಲೂಕಿನಲ್ಲಿವೆ. ಪಶ್ಚಿಮದ ಮಳೆನಾಡಿನಲ್ಲಿ ಭತ್ತ ಮುಖ್ಯ ಬೆಳೆಯಾದರೆ ಬೆಳಗಾವಿಯ ಪೂರ್ವಕ್ಕೆ ಹೋದಂತೆ ಜೋಳದ ರೊಟ್ಟಿಯ ನಾಡು ಆರಂಭವಾಗುತ್ತದೆ. ಗೋವೆ ಮತ್ತು ಕಾರವಾರದ ಕರಾವಳಿ ಹತ್ತಿರವಿರುವುದರಿಂದ ಬಂಗಡೆ, ತಾರ್ಲೆ, ಸಿಗಡಿ ಸುಲಭವಾಗಿ ದೊರೆಯುತ್ತವೆ. ಜೂನ್ ಮತ್ತು ಜುಲೈ ತಿಂಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಒಣಮೀನು ಅವುಗಳ ಸ್ಥಾನವನ್ನು ತುಂಬುತ್ತದೆ. ಕೊಲ್ಹಾಪುರದ ಪ್ರಭಾವದಿಂದ ಬಂದ ತಾಂಬಡಾ ಮತ್ತು ಪಾಂಡರಾ ರಸ್ಸಾ, ಮಟನ್ ಖೀಮಾ, ಬೋಟಿ, ತಲೆಮಾಂಸ, ಕಾಲು ಸೂಪ್ ಇಲ್ಲಿನ ಮಾಂಸಾಹಾರದ ಪರಿಚಿತ ರೂಪಗಳು. ಖಾನಾಪುರದ ಕಾಡಂಚಿನಲ್ಲಿ ಎಮ್ಮೆ ಸಾಕುವ ಧನಗರ ಗೌಳಿಗಳ ಹಾಲು, ಬೆಣ್ಣೆ, ತುಪ್ಪವನ್ನೂ ಇಲ್ಲಿ ಮರೆಯುವಂತಿಲ್ಲ.

ಧಾನ್ಯವನ್ನು ತಟ್ಟೆಯಿಂದ ತೆಗೆದಾಗ ಉಳಿಯುವುದು ಇವೇ. ಇವುಗಳ ಪ್ಯೂರಿನ್ ಪ್ರಮಾಣ ಒಂದೇ ಸಮನಾಗಿಲ್ಲ. 100 ಗ್ರಾಂ ಕೋಳಿಯ ಯಕೃತ್ತಿನಲ್ಲಿ 300 ಮಿಲಿಗ್ರಾಂಗೂ ಹೆಚ್ಚು, ತಾರ್ಲೆಯ ಜಾತಿಯ ಮೀನಿನಲ್ಲಿ 200ಕ್ಕೂ ಹೆಚ್ಚು, ಕೋಳಿಯ ಎದೆಮಾಂಸದಲ್ಲಿ ಸುಮಾರು 140, ಕುರಿಮಾಂಸದಲ್ಲಿ 90ರಿಂದ 100 ಮಿಲಿಗ್ರಾಂ ಪ್ಯೂರಿನ್ ಇರುತ್ತದೆ. ಒಣಗಿದ ಸಣ್ಣ ಮೀನಿನಲ್ಲಿ ನೀರು ಹೋಗಿ ಪ್ಯೂರಿನ್ ಉಳಿಯುವುದರಿಂದ ಅಂಕಿ ಇನ್ನೂ ಮೇಲೇರುತ್ತದೆ. ಮೊಟ್ಟೆ, ಹಾಲು, ಪನೀರ್‌ಗಳಲ್ಲಿ ಅದು ಬಹುತೇಕ ಶೂನ್ಯ. ಬಿಟ್ಟುಬಿಟ್ಟ ಬಿಳಿ ಅಕ್ಕಿಯಲ್ಲಿ ಇದ್ದುದು 25ರ ಆಸುಪಾಸು ಮಾತ್ರ.

ಜಪಾನಿನ ವೈದ್ಯರು ಗೌಟ್ ರೋಗಿಗಳಿಗೆ ದಿನಕ್ಕೆ 400 ಮಿಲಿಗ್ರಾಂ ಪ್ಯೂರಿನ್‌ನ ಮಿತಿಯನ್ನು ಸೂಚಿಸುತ್ತಾರೆ. ದಿನಕ್ಕೆ ಅರ್ಧ ಕಿಲೋ ಮಟನ್ ತಿನ್ನುವವನು ಬೇರೇನನ್ನೂ ತಿನ್ನದಿದ್ದರೂ ಆ ಮಿತಿಯನ್ನು ದಾಟುತ್ತಾನೆ. ಅದೇ ಜಾಗದಲ್ಲಿ ಆರು ಮೊಟ್ಟೆ, ಪನೀರ್ ಮತ್ತು 150 ಗ್ರಾಂ ಮಟನ್ ಇದ್ದರೆ ಲೆಕ್ಕವು 150ರ ಒಳಗೇ ನಿಲ್ಲುತ್ತದೆ. ಹೀಗಾಗಿ ‘ಧಾನ್ಯರಹಿತ’ ಎಂಬ ಒಂದೇ ಹೆಸರಿನಡಿ ಗೌಟ್‌ಗೆ ಸಂಬಂಧಿಸಿದಂತೆ ತೀರ ಭಿನ್ನವಾದ ಎರಡು ಆಹಾರಕ್ರಮಗಳು ಅಡಗಿರುತ್ತವೆ.

ಕಾಲು ಸೂಪಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಮೂಳೆ ಮುರಿದವರಿಗೂ ಕೀಲುನೋವಿನವರಿಗೂ ಅದನ್ನು ಕುಡಿಸುವ ರೂಢಿ ನಾಡಿನಾದ್ಯಂತ ಇದೆ. ಮಾಂಸವನ್ನು ಬೇಯಿಸಿದಾಗ ಅದರ ಪ್ಯೂರಿನ್‌ನ ಗಣನೀಯ ಭಾಗ ನೀರಿಗೆ ಇಳಿಯುತ್ತದೆ. ಆದುದರಿಂದ ಗೌಟ್ ರೋಗಿಗೆ ತುಂಡನ್ನು ಬಿಟ್ಟು ರಸವನ್ನು ಕೊಡುವುದು ಉಪಚಾರವಾಗದೆ ತಲೆಕೆಳಗಾದ ಪಥ್ಯವಾಗುತ್ತದೆ.

ಅಧ್ಯಯನಗಳು

ಹ್ಯೋನ್ ಚೋಯ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವು 47,150 ಪುರುಷರನ್ನು 12 ವರ್ಷಗಳ ಕಾಲ ಹಿಂಬಾಲಿಸಿತು. ಅವರಲ್ಲಿ 730 ಮಂದಿಗೆ ಹೊಸದಾಗಿ ಗೌಟ್ ಬಂದಿತು. ಅತಿ ಹೆಚ್ಚು ಮಾಂಸ ತಿನ್ನುವ ಗುಂಪಿನಲ್ಲಿ ಅಪಾಯವು ಅತಿ ಕಡಿಮೆ ತಿನ್ನುವವರಿಗಿಂತ 1.41 ಪಟ್ಟು, ಕಡಲ ಆಹಾರದಲ್ಲಿ 1.51 ಪಟ್ಟು ಇತ್ತು. ಹೈನು ಪದಾರ್ಥಗಳನ್ನು ಹೆಚ್ಚು ಸೇವಿಸುವವರಲ್ಲಿ ಅದು 0.56ಕ್ಕೆ ಇಳಿದಿತ್ತು. ಪ್ಯೂರಿನ್ ಹೆಚ್ಚಿರುವ ತರಕಾರಿಗಳಿಗೂ ಗೌಟ್‌ಗೂ ಸಂಬಂಧ ಕಾಣಲಿಲ್ಲ. ಪಾಲಕ್, ತೊಗರಿಬೇಳೆ, ಹೂಕೋಸುಗಳನ್ನು ನಿಷೇಧಿಸಿ ಬರೆದುಕೊಡುವ ಪಥ್ಯದ ಚೀಟಿಗಳು ಇಂದಿಗೂ ಚಲಾವಣೆಯಲ್ಲಿರುವುದರಿಂದ ಈ ಕೊನೆಯ ಅಂಶವನ್ನು ಒತ್ತಿ ಹೇಳಬೇಕಾಗಿದೆ.

ಧಾನ್ಯರಹಿತ ಆಹಾರದ ಪರವಾಗಿಯೂ ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿರುವಾಗ ಮೂತ್ರಪಿಂಡಗಳು ಯೂರೇಟನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೊಟ್ಟೆಯ ಬೊಜ್ಜು ಕರಗಿ ಇನ್ಸುಲಿನ್ ಇಳಿದರೆ ವಿಸರ್ಜನೆ ಸುಧಾರಿಸುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಡೆಸೇನ್ ಮತ್ತು ಸಂಗಡಿಗರು 13 ಮಂದಿ ರೋಗಿಗಳಿಗೆ 16 ವಾರಗಳ ಕಾಲ ಕ್ಯಾಲೊರಿ ಮತ್ತು ಶರ್ಕರಪಿಷ್ಟವನ್ನು ತಗ್ಗಿಸಿ ಪ್ರೋಟೀನನ್ನು ಏರಿಸಿದ ಆಹಾರ ನೀಡಿದರು. 2000ದಲ್ಲಿ ಪ್ರಕಟವಾದ ಅವರ ವರದಿಯಂತೆ ತೂಕವೂ ಯೂರೇಟೂ ಇಳಿದವು, ಗೌಟ್ ದಾಳಿಗಳೂ ಕಡಿಮೆಯಾದವು. ಆದರೆ ಆ ಆಹಾರದಲ್ಲಿ ಶೇ. 40ರಷ್ಟು ಶಕ್ತಿ ಶರ್ಕರಪಿಷ್ಟದಿಂದಲೇ ಬರುತ್ತಿತ್ತು. ಧಾನ್ಯವನ್ನು ಪೂರ್ತಿಯಾಗಿ ಬಿಟ್ಟವರು ಈ ಅಧ್ಯಯನವನ್ನು ತಮ್ಮ ಸಾಕ್ಷಿಯಾಗಿ ಉಲ್ಲೇಖಿಸುವುದು ಸರಿಯಲ್ಲ. 2017ರ ಇನ್ನೊಂದು ಅಧ್ಯಯನದಲ್ಲಿ ಕೀಟೋನ್ ದ್ರವ್ಯವು ಗೌಟ್ ಉರಿಯೂತವನ್ನು ತಗ್ಗಿಸಿದ್ದು ಇಲಿಗಳಲ್ಲಿ.

ಸಕ್ಕರೆಯ ವಿಷಯ ಬೇರೆ. ಅದರ ಅರ್ಧಭಾಗವಾದ ಫ್ರಕ್ಟೋಸ್ ಯಕೃತ್ತಿನಲ್ಲಿ ಸಂಸ್ಕರಣೆಗೊಳ್ಳುವಾಗ ನೇರವಾಗಿ ಯೂರಿಕ್ ಆಮ್ಲವನ್ನು ಉತ್ಪಾದಿಸುತ್ತದೆ. 2008ರ ಅಧ್ಯಯನವೊಂದರಲ್ಲಿ ದಿನಕ್ಕೆ ಎರಡು ಅಥವಾ ಹೆಚ್ಚು ಬಾರಿ ಸಿಹಿ ಪಾನೀಯ ಕುಡಿಯುವ ಪುರುಷರಲ್ಲಿ ಗೌಟ್‌ನ ಅಪಾಯ 1.85 ಪಟ್ಟು ಇತ್ತು. ಧಾನ್ಯ ಬಿಟ್ಟು ಗುಣ ಕಂಡವರಲ್ಲಿ ಎಷ್ಟೋ ಮಂದಿ ಅದರೊಂದಿಗೆ ಸಕ್ಕರೆ, ಬಿಯರ್ ಹಾಗೂ ಬೇಕರಿ ತಿನಿಸುಗಳನ್ನೂ ಬಿಟ್ಟಿರುತ್ತಾರೆ. ಶ್ರೇಯಸ್ಸು ಜೋಳದ ರೊಟ್ಟಿಯ ತ್ಯಾಗಕ್ಕೆ ಸಲ್ಲುತ್ತದೆ. ಬೆಳಗಾವಿಯ ಕುಂದಾ ಇಲ್ಲಿ ಒಂದು ಒಗಟು: ಅದರ ಹಾಲು ಗೌಟ್ ರೋಗಿಯ ಮಿತ್ರ, ಸಕ್ಕರೆ ಶತ್ರು.

ಆರಂಭದ ವಾರಗಳು

ಧಾನ್ಯ ಬಿಟ್ಟ ಮೊದಲ ವಾರಗಳೇ ಹೆಚ್ಚು ಅಪಾಯಕಾರಿ. ಶರ್ಕರಪಿಷ್ಟ ತೀರ ಕಡಿಮೆಯಾದಾಗ ದೇಹವು ಕೀಟೋನ್‌ಗಳನ್ನು ತಯಾರಿಸುತ್ತದೆ. ಅವು ಮೂತ್ರಪಿಂಡದಲ್ಲಿ ಯೂರೇಟಿನೊಂದಿಗೆ ಸ್ಪರ್ಧಿಸಿ ಅದರ ವಿಸರ್ಜನೆಯನ್ನು ತಡೆಯುವುದರಿಂದ ರಕ್ತದಲ್ಲಿ ಯೂರಿಕ್ ಆಮ್ಲ ಏರುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅದು ಹಿಂದಿನ ಮಟ್ಟಕ್ಕೆ ಮರಳುತ್ತದೆ. ಜೊತೆಗೆ ಆರಂಭದಲ್ಲಿ ದೇಹದಿಂದ ನೀರು ಮತ್ತು ಉಪ್ಪು ಬೇಗ ಹೊರಹೋಗುತ್ತವೆ. ನಿರ್ಜಲೀಕರಣವು ಗೌಟ್ ದಾಳಿಯನ್ನು ಕೆಣಕುತ್ತದೆ. ಉಪವಾಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಶ್ರಾವಣಕ್ಕೆ ಮುನ್ನಿನ ಅಮಾವಾಸ್ಯೆಯ ಬಾಡೂಟ ಮತ್ತು ಮದ್ಯ, ಆಮೇಲೆ ತಿಂಗಳ ನಿಷೇಧ, ಮತ್ತೆ ಜಾತ್ರೆಯ ಬಾಡೂಟ ಎಂಬ ಏರಿಳಿತ ಯೂರೇಟ್ ಮಟ್ಟವನ್ನು ಅಲುಗಾಡಿಸುತ್ತದೆ.

ಮಾಂಸಪ್ರಧಾನ ಆಹಾರವು ಮೂತ್ರವನ್ನು ಆಮ್ಲೀಯಗೊಳಿಸುತ್ತದೆ. ಆಮ್ಲೀಯ ಮೂತ್ರದಲ್ಲಿ ಯೂರಿಕ್ ಆಮ್ಲ ಕರಗದೆ ಕಲ್ಲುಗಳಾಗಬಹುದು. ಮೂತ್ರಪಿಂಡದ ಕಾಯಿಲೆಯಿರುವವರು ಈ ಪದ್ಧತಿಯನ್ನು ಸ್ವಂತ ನಿರ್ಧಾರದಿಂದ ಆರಂಭಿಸಬಾರದು. ಮಧುಮೇಹಕ್ಕೆ ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ವರ್ಗದ ಮಾತ್ರೆ ಸೇವಿಸುವವರದು ಇನ್ನೂ ಸೂಕ್ಷ್ಮ ಸ್ಥಿತಿ. ಈ ಮಾತ್ರೆಗಳು ಯೂರಿಕ್ ಆಮ್ಲವನ್ನು ಇಳಿಸುವುದು ನಿಜ, ಆದರೆ ಶರ್ಕರಪಿಷ್ಟವನ್ನು ತೀವ್ರವಾಗಿ ಕಡಿತಗೊಳಿಸಿದಾಗ ರಕ್ತದ ಸಕ್ಕರೆ ಹೆಚ್ಚು ಏರದೆಯೇ ಪ್ರಾಣಾಪಾಯದ ಕೀಟೋಆಸಿಡೋಸಿಸ್ ಉಂಟಾಗಬಹುದು.

ರೋಗನಿರ್ಣಯ ಮತ್ತು ಚಿಕಿತ್ಸೆ

ದಾಳಿಯ ನಡುವೆ ಮಾಡಿಸಿದ ಯೂರಿಕ್ ಆಮ್ಲದ ಪರೀಕ್ಷೆ ಸಹಜ ಮಟ್ಟವನ್ನು ತೋರಿಸಬಹುದು. ನೋವು ಇಳಿದು ಎರಡು ವಾರಗಳ ನಂತರ ಮತ್ತೆ ಪರೀಕ್ಷಿಸಬೇಕಾಗುತ್ತದೆ. ಯೂರಿಕ್ ಆಮ್ಲ ಹೆಚ್ಚಿರುವ ಎಲ್ಲರಿಗೂ ಗೌಟ್ ಬರುವುದಿಲ್ಲ. ಕೀಲುದ್ರವದಲ್ಲಿ ಹರಳನ್ನು ಕಾಣುವುದೇ ಖಚಿತ ಪುರಾವೆ. ಜ್ವರದೊಂದಿಗೆ ಒಂದೇ ಕೀಲು ಊದಿಕೊಂಡರೆ ಸೋಂಕಿನ ಶಂಕೆಯಿಂದ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹಲವು ಕೀಲುಗಳು ಒಮ್ಮೆಲೇ ಹಿಡಿದುಕೊಂಡರೆ ಚಿಕೂನ್‌ಗುನ್ಯಾವನ್ನೂ ನೆನೆಯಬೇಕು. ಬೆಳಗಾವಿಯಲ್ಲಿ ಜಿಲ್ಲಾ ಆಸ್ಪತ್ರೆಯೊಂದಿಗೆ ಸೇರಿರುವ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹಾಗೂ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜು ಇವೆ.

ಆಹಾರ ಬದಲಾವಣೆಯೊಂದರಿಂದಲೇ ಯೂರೇಟ್ ಇಳಿಯುವುದು ಸಾಮಾನ್ಯವಾಗಿ 1 ಮಿಲಿಗ್ರಾಂ ಆಸುಪಾಸು. 9ರ ಮಟ್ಟದಲ್ಲಿರುವವನು ಎಷ್ಟೇ ಕಟ್ಟುನಿಟ್ಟಾಗಿದ್ದರೂ ಪಥ್ಯದಿಂದ ಮಾತ್ರ 6ಕ್ಕಿಂತ ಕೆಳಗೆ ಬರುವುದು ಕಷ್ಟ. ಅಮೆರಿಕದ ಸಂಧಿವಾತ ತಜ್ಞರ ಸಂಘದ 2020ರ ಮಾರ್ಗಸೂಚಿಯು ವರ್ಷಕ್ಕೆ ಎರಡು ಅಥವಾ ಹೆಚ್ಚು ದಾಳಿಗಳಿದ್ದರೆ, ಯೂರೇಟ್ ಗಂಟುಗಳಿದ್ದರೆ ಅಥವಾ ಕೀಲಿಗೆ ಹಾನಿಯಾಗಿದ್ದರೆ ಅಲೋಪ್ಯೂರಿನಾಲನ್ನು ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿಂದ ಆರಂಭಿಸಿ, 6ಕ್ಕಿಂತ ಕೆಳಗಿನ ಗುರಿ ಮುಟ್ಟುವವರೆಗೆ ಏರಿಸುವಂತೆ ಹೇಳುತ್ತದೆ. ಹರಳುಗಳು ಕರಗತೊಡಗುವಾಗಲೂ ದಾಳಿಗಳಾಗುತ್ತವೆ. ಇದನ್ನು ತಡೆಯಲು ಮೊದಲ ಮೂರರಿಂದ ಆರು ತಿಂಗಳು ಕಡಿಮೆ ಪ್ರಮಾಣದ ಕಾಲ್ಚಿಸಿನ್ ಕೊಡುತ್ತಾರೆ. ಮಾತ್ರೆ ಆರಂಭಿಸಿದ ಮೇಲೆ ನೋವು ಬಂದಿತೆಂದು ಮಾತ್ರೆ ಬಿಡುವುದೂ, ಹೊಸ ಆಹಾರಕ್ರಮದಿಂದ ಎರಡು ತಿಂಗಳು ನೋವಿಲ್ಲವೆಂದು ಮಾತ್ರೆ ಬಿಡುವುದೂ ಒಂದೇ ತಪ್ಪಿನ ಎರಡು ಮುಖಗಳು. ಮೈಮೇಲೆ ಕೆಂಪು ದದ್ದು ಎದ್ದರೆ ಮಾತ್ರ ಅಲೋಪ್ಯೂರಿನಾಲನ್ನು ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಕಾಲ್ಚಿಸಿನ್ ಸಸ್ಯಜನ್ಯ ಔಷಧಿ. ಪಶ್ಚಿಮ ಘಟ್ಟಗಳ ಕಾಡುಗಳಲ್ಲಿ ಮಳೆಗಾಲಕ್ಕೆ ಬೆಂಕಿಯ ನಾಲಗೆಯಂತೆ ಅರಳುವ ಗೌರಿಹೂವಿನ ಗೆಡ್ಡೆ ಮತ್ತು ಬೀಜಗಳಲ್ಲಿ ಇದೇ ಕ್ಷಾರಾಭ ಇದೆ. ಔಷಧಿಯ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಗೆಡ್ಡೆಯಲ್ಲಿ ಎಷ್ಟಿದೆ ಎಂದು ಕಣ್ಣಳತೆಯಿಂದ ತಿಳಿಯಲಾಗದು. ಅದನ್ನು ತಿಂದವರಲ್ಲಿ ವಾಂತಿ ಮತ್ತು ಭೇದಿಯಿಂದ ಆರಂಭವಾಗುವ ವಿಷಬಾಧೆ ಕೆಲವೇ ದಿನಗಳಲ್ಲಿ ಅಸ್ಥಿಮಜ್ಜೆ, ಮೂತ್ರಪಿಂಡ ಮತ್ತು ಹೃದಯಕ್ಕೆ ವ್ಯಾಪಿಸಬಹುದು. ಇದಕ್ಕೆ ಬಳಕೆಯಲ್ಲಿರುವ ನಿರ್ದಿಷ್ಟ ಪ್ರತಿವಿಷವಿಲ್ಲ.